ಮಗುವಿನ ಸೀಟಿಗೆ ಅತ್ತೆ ಒಪ್ಪುತ್ತಿಲ್ಲ ಅಂದ್ರೆ

ಮಂಡ್ಯದಿಂದ ಮೈಸೂರಿಗೆ ಹೋಗುವಾಗ ಹನ್ನೊಂದು ತಿಂಗಳ ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸಲು ಅತ್ತೆ ಬಿಡುತ್ತಿಲ್ಲ, 'ನನ್ನ ತೊಡೆಗಿಂತ ಅದು ಭದ್ರವಾ?' ಅಂತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಈ ಒಂದು ವಿಷಯದಲ್ಲಿ ಮಣಿಯಬೇಡಿ.

ನಮ್ಮ ಮನೆಯಲ್ಲೂ ಇದೇ ಆಯಿತು. 'ಕೂಸನ್ನ ಕಟ್ಟಿ ಹಾಕ್ತೀಯಲ್ಲೋ' ಅಂತ ಅಮ್ಮ ಕಣ್ಣೀರು ಹಾಕಿದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಬಗ್ಗೆ ನಾನು ಅವರಿಗೆ ಹೇಳಿದೆ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ಅದು ನಾಟಲಿಲ್ಲ. ನಾಟಿದ್ದು ಅಕ್ಕಿ ಚೀಲ. ಅಮ್ಮನಿಗೆ ಬೆಲ್ಟ್ ಹಾಕಿಸಿ, 10 ಕೆಜಿ ಚೀಲವನ್ನು ತೊಡೆ ಮೇಲಿಟ್ಟು, 'ಗಟ್ಟಿಯಾಗಿ ಹಿಡ್ಕೊಳ್ಳಮ್ಮ' ಅಂದೆ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಬ್ರೇಕ್ ಒತ್ತಿದೆ. ಚೀಲ ಕೈ ಜಾರಿ ಕಾಲಿನ ಹತ್ತಿರ ಬಿತ್ತು. ಅಮ್ಮ ಸುಮ್ಮನೆ ಅದನ್ನೇ ನೋಡುತ್ತಾ ಕೂತರು.

ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲರೂ 100ರ ಹತ್ತಿರ ಓಡಿಸುತ್ತಾರೆ. 50ರಲ್ಲಿ ಡಿಕ್ಕಿಯಾದರೂ ಮಗು ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಲ್ಲಿ ಮುಂದಕ್ಕೆ ಎಳೆಯುತ್ತದೆ. ಯಾವ ಕೈಗೂ ಅದನ್ನು ತಡೆಯಲು ಆಗಲ್ಲ.

ಸೀಟು ಹಿಂದಿನ ಸಾಲಿನಲ್ಲೇ ಇರಲಿ, ಮಗುವಿನ ಮುಖ ಕಾರಿನ ಹಿಂಬದಿಗೆ. ಈ ವಯಸ್ಸಿಗೆ ತಲೆ ಭಾರ, ಕತ್ತು ಎಳಸು. ಅತ್ತೆಯನ್ನು ಪಕ್ಕದಲ್ಲೇ ಕೂರಿಸಿ. ಬೆಲ್ಟ್ ಹಾಕುವ ಕೆಲಸ ಅವರಿಗೇ ಕೊಡಿ. ಭುಜದ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಗಬಾರದು, ಅಷ್ಟು ಬಿಗಿ ಇರಬೇಕು. ಮಗು ಜಾಸ್ತಿ ಅತ್ತರೆ ಶ್ರೀರಂಗಪಟ್ಟಣದಲ್ಲಿ ಇಳಿದು ಎತ್ತಿಕೊಳ್ಳಲಿ, ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ. ಮತ್ತೆ, ಈ ಮಾತನ್ನು ನಿಮ್ಮ ಯಜಮಾನರೇ ತಮ್ಮ ತಾಯಿಗೆ ಹೇಳಲಿ. ಸೊಸೆ ಹೇಳಿದರೆ ಬೇರೆ ಅರ್ಥ ಬರುತ್ತದೆ, ಅಲ್ವಾ?