ಮೋಡ ಬಿತ್ತನೆಯ ಮಾಹಿತಿ: ಅರ್ಜಿ ಎಲ್ಲಿಗೆ ಹಾಕಬೇಕು?
ರಾಜ್ಯ ಸರ್ಕಾರದ 2017ರ ವರ್ಷಧಾರೆ ಮೋಡ ಬಿತ್ತನೆ ಯೋಜನೆಯ ಬಗ್ಗೆ ಮಾಹಿತಿ ಹಕ್ಕಿನ (ಆರ್‌ಟಿಐ) ಒಂದೇ ಅರ್ಜಿಯಲ್ಲಿ ಖರ್ಚು, ವಿಮಾನ, ಮಳೆ ಎಲ್ಲ ಕೇಳಿದ್ದೆ, ಕಚೇರಿ ಅರ್ಜಿ ವಾಪಸ್ ಕಳಿಸಿತು ಅಂತ ಬರೆದಿದ್ದೀರಿ. "ನಮಗೆ ಸಂಬಂಧಿಸಿಲ್ಲ" ಅಂತ ಉತ್ತರ ಬಂದಿರುವುದು ಬಹುಶಃ ಅದಕ್ಕೇ. ಅರ್ಜಿ ನೋಡಿಲ್ಲ, ಹಾಗಾಗಿ ಬಹುಶಃ ಅಂತಲೇ ಹೇಳುತ್ತೇನೆ. ಕರ್ನಾಟಕದ ಆರ್‌ಟಿಐ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಾನೂ ಹೀಗೇ ಅಲೆದಿದ್ದೆ.

ಮೊದಲು ಪ್ರಶ್ನೆ ಒಡೆಯಿರಿ. ಹಣ, ಟೆಂಡರ್, ಹಾರಾಟದ ದಾಖಲೆ ಗ್ರಾಮೀಣಾಭಿವೃದ್ಧಿ ಇಲಾಖೆಗೆ. ಹಾರಾಟದ ಅನುಮತಿ ಕೇಂದ್ರದ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ; ಇದಕ್ಕೆ ಕೇಂದ್ರದ ಆನ್‌ಲೈನ್ ಪೋರ್ಟಲ್ ಸಾಕು. ಮಳೆ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ.

ಮಳೆಯದ್ದೇ ಮುಖ್ಯ. ದಿನದ ಮೊತ್ತ ತಗೊಂಡು ಪ್ರಯೋಜನವಿಲ್ಲ. ಅದು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ ಲೆಕ್ಕ, ಬಿತ್ತನೆಯ ಪರಿಣಾಮ ಅದರಲ್ಲಿ ಕರಗಿಹೋಗುತ್ತದೆ. 15 ನಿಮಿಷದ ಅಂಕಿಅಂಶವನ್ನೇ ಕೇಳಿ. ಜೊತೆಗೆ, ಹಾರಾಟದ ದಾಖಲೆ ಕೇಳುವಾಗ, ಮೋಡ ಬಿತ್ತಲು ವಿಮಾನದಿಂದ ಉಪ್ಪಿನ ಕಡ್ಡಿ (ಫ್ಲೇರ್) ಉರಿಸಿದ ಸಮಯ, ಅಕ್ಷಾಂಶ, ರೇಖಾಂಶವನ್ನೂ ಕೇಳಿ. ಹೋಲಿಕೆಗೆ ಆಗುಂಬೆಯನ್ನು ಶಿಕಾರಿಪುರದ ಪಕ್ಕ ಇಡಬೇಡಿ. ಘಟ್ಟದ ಮಳೆಗೆ ಬಿತ್ತನೆಯ ಹಂಗೇ ಇಲ್ಲ ಅಲ್ವಾ!

ವಿಧಾನ ಗೊತ್ತಾಗಬೇಕಿದ್ದರೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ 2009ರಿಂದ ನಡೆಸಿದ ಕೈಪೀಕ್ಸ್ (CAIPEEX) ಎಂಬ ಮೋಡ-ಮಳೆ ಪ್ರಯೋಗದ ಪ್ರಬಂಧಗಳನ್ನು ಓದಿ.

ಮತ್ತೆ ಯಾರಾದರೂ ಸುಮ್ನೆ ವಾಪಸ್ ಕಳಿಸಿದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3) ತೋರಿಸಿ: 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.