ಚೆಕ್ ದೇಶದ ಹಳ್ಳಿಮನೆಗಳು ಒಂದೊಂದು ಪ್ರದೇಶದಲ್ಲಿ ಒಂದೊಂದು ಥರ ಇರುವುದೇಕೆ? ಅವು ಉಳಿದದ್ದು ಹೇಗೆ?

ಮುಖ್ಯ ಕಾರಣ ಸಾಮಗ್ರಿ. ಗಾಡಿ ಹೊಡೆದು ತರುವಷ್ಟು ದೂರದಲ್ಲಿ ಏನು ಸಿಗುತ್ತಿತ್ತೋ ಅದರಲ್ಲೇ ರೈತರು ಮನೆ ಕಟ್ಟಿಕೊಂಡರು. ಪೂರ್ವದ ವಲಾಶ್ಸ್ಕೊ ಬೆಟ್ಟಗಳಲ್ಲಿ ಕಾಡು ದಟ್ಟ, ಹಾಗಾಗಿ ದಿಮ್ಮಿ ಪೇರಿಸಿದ ಗೋಡೆ. ದಕ್ಷಿಣ ಮೊರಾವಿಯಾದ ಬಯಲಲ್ಲಿ ಮರ ಕಡಿಮೆ, ಅಲ್ಲಿ ಹಸಿ ಇಟ್ಟಿಗೆಯ, ಸುಣ್ಣ ಬಳಿದ ಮನೆ. ನನಗೆ ತುಂಬ ಇಷ್ಟವಾಗುವುದು ಉತ್ತರ ಬೊಹೆಮಿಯಾದ್ದು: ಕೆಳಗೆ ದಿಮ್ಮಿಯ ಕೋಣೆ, ಅದರ ಹೊರಗೆ ಬೇರೆಯೇ ಕಂಬಗಳ ಸಾಲು. ಮೇಲಂತಸ್ತಿನ ಭಾರವೆಲ್ಲ ಆ ಕಂಬಗಳ ಮೇಲೆ. ಒಳಗಿನ ದಿಮ್ಮಿ ಒಣಗಿ ಕುಗ್ಗಿದರೂ ಮೇಲಿನ ಮನೆ ಕುಸಿಯುವುದಿಲ್ಲ.

ಉಳಿದ ಬಗೆಯೂ ಒಂದೇ ಅಲ್ಲ. ದಕ್ಷಿಣ ಬೊಹೆಮಿಯಾದ ಹೊಲಶೊವಿತ್ಸೆಯದು ನೋವಿನ ಕಥೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಜರ್ಮನ್ ಭಾಷಿಕರನ್ನು ಹೊರಹಾಕಿದರು. ಎಷ್ಟೋ ಮನೆಗಳು ಖಾಲಿ ಬಿದ್ದವು, ಕೆಡವಿ ಹೊಸದು ಕಟ್ಟುವವರೇ ಇರಲಿಲ್ಲ. ಹೀಗಾಗಿ ಊರಿನ ವಿನ್ಯಾಸವೂ, ಅಂಕುಡೊಂಕಾಗಿ ಏರುವ ಗಾರೆಯ ಮುಂಗೋಡೆಗಳೂ ಹಾಗೇ ಉಳಿದವು. 1998ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ವಲಾಶ್ಸ್ಕೊದಲ್ಲಿ ಬೇರೆ ದಾರಿ: ರೊಜ್ನೊವ್ ಪಟ್ಟಣದಲ್ಲಿ 1925ರಲ್ಲಿ ಶುರುವಾದ ಬಯಲು ವಸ್ತುಸಂಗ್ರಹಾಲಯಕ್ಕೆ ಹಳೆಯ ಮರದ ಕಟ್ಟಡಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ.