ಪ್ರಶ್ನೆ: 4 ಜಿಬಿ ರ‍್ಯಾಮ್ ಹಳೇ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ (ಫ್ರೆಂಡ್ಸ್ ಒಟ್ಟಿಗೆ ಆಡೋಕೆ ಗೇಮ್ ನಡೆಸೋ ಪ್ರೋಗ್ರಾಂ) ಓಡತ್ತಾ? ಆಡೋರು ಮೂರ್ನಾಲ್ಕು ಜನ ಸ್ಕೂಲ್ ಫ್ರೆಂಡ್ಸ್, ಕರೆಂಟ್ ಬಿಲ್ ಅಂತ ಅಮ್ಮ ಬೈತಾರೆ.

ಓಡತ್ತೆ ಗುರು, ನೀನು ಹೇಳಿದ ಹಾಗೆ ಮೂರ್ನಾಲ್ಕು ಜನ ಫ್ರೆಂಡ್ಸ್ ಅಷ್ಟೇ ಆದ್ರೆ ಆರಾಮಾಗಿ ಓಡತ್ತೆ. ವಿಂಡೋಸ್ ತೆಗೆದು ಡೆಬಿಯನ್ (ಫ್ರೀಯಾಗಿ ಸಿಗೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕು, ಇನ್‌ಸ್ಟಾಲ್ ಮಾಡೋವಾಗ ಡೆಸ್ಕ್‌ಟಾಪ್ ಅನ್ನೋದಕ್ಕೆ ಟಿಕ್ ತೆಗಿ, ಅಲ್ಲೇ ಸುಮಾರು ರ‍್ಯಾಮ್ ಉಳಿಯತ್ತೆ, ಆಮೇಲೆ ಜಾವಾಗೆ (ಸರ್ವರ್ ಓಡ್ಸೋ ಸಾಫ್ಟ್‌ವೇರ್) 2 ಜಿಬಿ ಮಾತ್ರ ಕೊಡು, ಪೂರ್ತಿ 4 ಕೊಟ್ರೆ ಡೆಬಿಯನ್‌ಗೇ ಜಾಗ ಇರಲ್ಲ. ಸರ್ವರ್ ಸೆಟ್ಟಿಂಗ್ಸ್ ಫೈಲ್‌ನಲ್ಲಿ ವ್ಯೂ ಡಿಸ್ಟೆನ್ಸ್ (ಆಟದಲ್ಲಿ ಎಷ್ಟು ದೂರ ಕಾಣ್ಬೇಕು ಅನ್ನೋದು) 10 ಅಂತ ಇರತ್ತೆ, ಅದನ್ನ 6 ಮಾಡಿ ನೋಡು, ಹೊಸ ಜಾಗಕ್ಕೆ ಓಡಿದಾಗ ಆಗೋ ಲ್ಯಾಗ್ (ಆಟ ತಡವರಿಸೋದು) ಕಮ್ಮಿಯಾಗತ್ತೆ. ದುಡ್ಡು ಸಿಕ್ಕಿದ್ರೆ ಮೊದಲು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಹಾಕೋ ವೇಗದ ಸ್ಟೋರೇಜ್) ತಗೋ, ಬೇರೆ ಎಲ್ಲ ಆಮೇಲೆ.

ಇನ್ನು ಕರೆಂಟ್ ಬಿಲ್ ಅಂತ ಅಮ್ಮ ಬೈತಾರೆ ಅಂದ್ಯಲ್ಲ, ಸ್ಕ್ರೀನ್ ಆಫ್ ಇದ್ರೆ ಸುಮಾರು 15 ವ್ಯಾಟ್ ಅಂದ್ಕೋ, ದಿನವಿಡೀ ಇಟ್ರೂ ತಿಂಗಳಿಗೆ 11 ಯೂನಿಟ್ ಹತ್ರ ಆಗತ್ತೆ, ಈ ಲೆಕ್ಕ ಪೇಪರ್‌ನಲ್ಲಿ ಬರ್ದು ತೋರ್ಸು. ಆದ್ರೂ ರಾತ್ರಿ ಆಡೋರೇ ಇಲ್ದೇ ಇದ್ರೆ ಆಫ್ ಮಾಡಿದ್ರೇನು? ಮತ್ತೆ ಬ್ಯಾಟರಿ ಉಬ್ಬಿದ್ಯಾ ನೋಡು, ಟಚ್‌ಪ್ಯಾಡ್ ಮೇಲೆದ್ದಿದ್ರೆ ಪ್ಲಗ್ ಹಾಕ್ಲೇಬೇಡ, ಮೊದಲು ಅಂಗಡೀಲಿ ಬ್ಯಾಟರಿ ತೆಗೆಸು.